ತಟ್ಟೆಯ ಬದಿಗೆ ಅಗಸೆ

ಸರಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದವರಿಗೆ ಕಾಗದದ ಭಯ ಇರಬಾರದು. ದಿನವೂ ಎಷ್ಟೋ ಕಾಗದಗಳು ನಮ್ಮ ಮೇಜಿಗೆ ಬರುತ್ತವೆ, ಟಿಪ್ಪಣಿ ಹೊತ್ತುಕೊಂಡು ಮುಂದಿನ ಮೇಜಿಗೆ ಹೋಗುತ್ತವೆ. ಮೇಲಧಿಕಾರಿಗಳ ಕೆಂಪು ಶಾಯಿಯೂ ನಮಗೆ ರೂಢಿಯಾಗಿದೆ. ಆದರೆ ಕಳೆದ ವರ್ಷ ದಸರೆಗೆ ಒಂದು ವಾರ ಮೊದಲು ನಮ್ಮ ಕೈಗೆ ಬಂದ ಒಂದು ಕಾಗದ ನಮ್ಮನ್ನು ನಿಂತಲ್ಲೇ ಕೂಡಿಸಿಬಿಟ್ಟಿತು. ಅದು ನಮ್ಮದೇ ರಕ್ತದ ವರದಿ.

ಕಚೇರಿಯವರಿಗೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗುತ್ತದೆ. ಸೂಜಿ ಚುಚ್ಚಿಸಿಕೊಂಡು, ಚಹ ಕುಡಿದು, ಆ ಮಾತನ್ನೇ ಮರೆತಿದ್ದೆವು. ವರದಿಯಲ್ಲಿ ಒಟ್ಟು ಕೊಲೆಸ್ಟರಾಲು ೨೩೮, ಎಲ್‌ಡಿಎಲ್ ೧೫೨, ಎಚ್‌ಡಿಎಲ್ ೪೪, ಟ್ರೈಗ್ಲಿಸರೈಡು ೨೧೨ ಎಂದು ಅಚ್ಚಾಗಿತ್ತು. ಎದುರುಸಾಲಿನಲ್ಲಿ ಇರಬೇಕಾದ ಪ್ರಮಾಣವೂ ಇತ್ತು. ಒಟ್ಟು ೨೦೦ರ ಒಳಗೆ, ಟ್ರೈಗ್ಲಿಸರೈಡು ೧೫೦ರ ಒಳಗೆ. ಆಯವ್ಯಯದ ಲೆಕ್ಕ ನೋಡುವ ನಮಗೆ ಮಂಜೂರಾತಿಗಿಂತ ಖರ್ಚು ಹೆಚ್ಚಾಗಿದೆಯೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ನಮ್ಮ ವಯಸ್ಸು ಮೂವತ್ತಾರು. ಅಷ್ಟಕ್ಕೇ ಹೆದರಬೇಕೇ ಎಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಐವತ್ನಾಲ್ಕನೆಯ ವಯಸ್ಸಿನಲ್ಲಿ, ಬೆಳಗ್ಗೆ ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಹೋದವರು, ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಅವರ ರಕ್ತವನ್ನು ಯಾರೂ ಎಂದೂ ಪರೀಕ್ಷಿಸಿರಲಿಲ್ಲ. ಆ ಕಾಗದ ಕೈಯಲ್ಲಿದ್ದಾಗ ನಮ್ಮ ಕಣ್ಣಿಗೆ ಕಂಡದ್ದು ಅಂಕಿಗಳಲ್ಲ, ಆ ಹಾಲಿನ ಪಾತ್ರೆ.

ಡಾಕ್ಟರು ಕಾಗದ ನೋಡಿ, ತಂದೆಯವರ ವಿಷಯ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೂರು ತಿಂಗಳು ಅವಕಾಶ ಕೊಡುತ್ತೇನೆ. ಊಟ, ನಡಿಗೆ, ತೂಕ ಮೂರನ್ನೂ ಸರಿಪಡಿಸಿಕೊಂಡು ಬನ್ನಿ. ಅಂಕಿ ಇಳಿಯದಿದ್ದರೆ ಗುಳಿಗೆಯ ವಿಚಾರ ಮಾಡೋಣ,” ಎಂದರು. ಮೂರು ತಿಂಗಳ ವಾಯಿದೆಯೆಂದರೆ ನಮ್ಮ ಕಚೇರಿಯ ಭಾಷೆಯಲ್ಲಿ ಅಂತಿಮ ಜ್ಞಾಪನ.

ಹೆಸರಿನ ತೊಡಕು

ನಮ್ಮ ಕಚೇರಿಯಲ್ಲಿ ರಜೆಯ ಅರ್ಜಿಗಳಿಗಿಂತ ಸಲಹೆಗಳು ಹೆಚ್ಚು. ಒಬ್ಬರು ಬೆಳ್ಳುಳ್ಳಿ ನುಂಗಿ ಎಂದರು. ಇನ್ನೊಬ್ಬರು ಮೆಂತ್ಯದ ನೀರು ಕುಡಿಯಿರಿ ಎಂದರು. ನಮ್ಮ ಸಾಲಿನ ಕೊನೆಯ ಮೇಜಿನವರು ಮಾತ್ರ ಗಂಭೀರವಾಗಿ, “ಫ್ಲಾಕ್ಸ್ ಸೀಡ್,” ಎಂದು ಒಂದೇ ಮಾತು ಹೇಳಿ, ಔಷಧದಂಗಡಿಯಲ್ಲಿ ದೊರೆಯುವ ಅದರ ಎಣ್ಣೆಯ ಕ್ಯಾಪ್ಸೂಲಿನ ಡಬ್ಬಿಯ ಹೆಸರನ್ನೂ ಬರೆದುಕೊಟ್ಟರು. ಬೆಲೆ ನೋಡಿ ನಮ್ಮ ಶ್ರೀಮತಿಯವರು ಹುಬ್ಬೇರಿಸಿದರೂ ನಾವು ಡಬ್ಬಿಯನ್ನು ತಂದೇಬಿಟ್ಟೆವು.

ನಮ್ಮ ಮೇಲಿನ ಮಹಡಿಯಲ್ಲಿ ಚೆನ್ನೈ ಕಡೆಯ ಒಬ್ಬ ಮಾಮಿ ಇದ್ದಾರೆ. ಅವರು ಡಬ್ಬಿ ನೋಡಿ ನಕ್ಕು, “ಇದಕ್ಕೇಕೆ ಇಷ್ಟು ದುಡ್ಡು? ನಮ್ಮ ಆಳಿ ವಿದೈ ಇದು. ಕಾಳು ತಂದು ಪುಡಿ ಮಾಡಿಕೊಳ್ಳಿ,” ಎಂದು ಶ್ರೀಮತಿಯವರಿಗೆ ಹೇಳಿದರು. ಶ್ರೀಮತಿಯವರು ಮೈಸೂರು ಕಡೆಯವರು. ಪುಣೆಗೆ ಬಂದು ಒಂಬತ್ತು ವರ್ಷವಾದರೂ ಮರಾಠಿ ಇನ್ನೂ ಅವರ ನಾಲಗೆಗೆ ಪೂರ್ತಿ ಒಗ್ಗಿಲ್ಲ. ಸಂಜೆ ರವಿವಾರ ಪೇಠೆಯ ಕಿರಾಣಿ ಅಂಗಡಿಗೆ ಹೋಗಿ “ಆಳಿ, ಆಳಿ” ಎಂದು ಕೇಳಿದರಂತೆ. ಅಂಗಡಿಯ ಕಾಕಾ ಅವರು ಕೆಂಪಗಿನ ಸಣ್ಣ ಕಾಳನ್ನು ಕಟ್ಟಿಕೊಟ್ಟು, ಬಹಳ ಅಕ್ಕರೆಯಿಂದ, “ಘರೀ ಬಾಳಂತೀಣ ಆಹೆ ಕಾ?” ಎಂದು ವಿಚಾರಿಸಿದರಂತೆ. ಮನೆಯಲ್ಲಿ ಬಾಣಂತಿ ಇದ್ದಾಳೆಯೇ ಎಂಬ ಪ್ರಶ್ನೆ! ಶ್ರೀಮತಿಯವರು ಕೆಂಪೇರಿದ ಮುಖದಿಂದ ಮನೆಗೆ ಬಂದರು.

ಮರಾಠಿಯಲ್ಲಿ ಅಳೀವ ಎಂದರೆ ಬಾಣಂತಿಯರಿಗೆ ಲಾಡು ಕಟ್ಟುವ ಕಾಳು. ನಮ್ಮ ಉತ್ತರ ಕರ್ನಾಟಕದಲ್ಲಿ ಅದನ್ನೇ ಅಳ್ವಿ ಎನ್ನುತ್ತೇವೆ. ತಮಿಳಿನ ಆಳಿಯೇ ಬೇರೆ, ಮರಾಠಿಯ ಅಳೀವವೇ ಬೇರೆ. ಆ ಪೊಟ್ಟಣ ಬಿಚ್ಚಿ ನೋಡುತ್ತಿದ್ದಾಗ ನಮ್ಮ ತಾಯಿಯವರು ಒಳಗಿನಿಂದ ಬಂದರು. ಅವರಿಗೆ ಎಪ್ಪತ್ತರ ಹತ್ತಿರ. ವಿಜಯಪುರ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಡಬ್ಬಿಯ ಮೇಲಿದ್ದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಏ ತಮ್ಮಾ, ಇದು ಅಗಸಿ ಅಲ್ಲೇನೋ? ಇದಕ್ಕ ಇಷ್ಟು ರೊಕ್ಕಾ ಸುರದೀ ಏನು?” ಎಂದರು.

“ಅತ್ತೆ, ಅಗಸೆ ಅಂದರೆ ಮರ ಅಲ್ಲವೇ? ನಮ್ಮ ಕಡೆ ವೀಳ್ಯದೆಲೆಯ ತೋಟದಲ್ಲಿ ಬಳ್ಳಿ ಹಬ್ಬಿಸುವುದಕ್ಕೆ ಹಾಕುತ್ತಾರಲ್ಲ?” ಎಂದರು ಶ್ರೀಮತಿಯವರು.

“ಅದು ಗಿಡದ ಅಗಸಿ ಯವ್ವಾ, ಇದು ಹೊಲದ ಅಗಸಿ,” ಎಂದು ತಾಯಿಯವರು ವ್ಯಾಜ್ಯ ತೀರಿಸಿದರು.

ಊರು ಬಿಟ್ಟು ಬೇರೆ ಬೇರೆ ಸೀಮೆಗಳಲ್ಲಿ ನೆಲೆಸಿರುವ ನಮ್ಮ ವಾಚಕರಿಗೆ ಇಂಥ ತೊಡಕು ಬರಬಾರದೆಂದು ಇಲ್ಲೇ ಹೇಳಿಬಿಡುತ್ತೇವೆ. ಪುಣೆ ಮುಂಬಯಿಗಳಲ್ಲಿ ಜವಸ ಅಥವಾ ಅಳಶಿ ಎಂದು ಕೇಳಿರಿ. ಹೈದರಾಬಾದಿನಲ್ಲಿ ಅವಿಸೆ ಗಿಂಜಲು, ಚೆನ್ನೈಯಲ್ಲಿ ಆಳಿ ವಿದೈ. ದಿಲ್ಲಿಯಲ್ಲಿರುವವರು ಅಲಸೀ ಎಂದು ಕೇಳಬೇಕು. ಮೊದಲಕ್ಷರವನ್ನು ಎಳೆದು ಆಲಸೀ ಎಂದರೆ ಸೋಮಾರಿಯೆಂದು ಅರ್ಥವಾಗಿ, ಅಂಗಡಿಯವನು ಮುನಿದಾನು. ಕಾಳು ಚಪ್ಪಟೆಯಾಗಿ, ನುಣುಪಾಗಿ, ಕಂದುಬಣ್ಣದ್ದಾಗಿರುತ್ತದೆ. ಹಳದಿ ಬಣ್ಣದ ಜಾತಿಯೂ ಉಂಟು. ಗುಣದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ.

ನೀಲಿ ಹೂವಿನ ಹೊಲ

ಅಂದು ರಾತ್ರಿ ತಾಯಿಯವರು ತಮ್ಮ ತವರಿನ ಹೊಲವನ್ನೇ ನಮ್ಮ ಎರಡು ಕೋಣೆಯ ಮನೆಗೆ ತಂದು ನಿಲ್ಲಿಸಿದರು. ಹಿಂಗಾರಿಯಲ್ಲಿ ಎರೆಭೂಮಿಯ ತೇವವನ್ನೇ ನಂಬಿ ಬಿಳಿಜೋಳ, ಕಡಲೆ, ಕುಸುಬೆಗಳ ಜೊತೆಗೆ ಅಗಸೆಯನ್ನೂ ಬಿತ್ತುತ್ತಿದ್ದರಂತೆ. ಚಳಿಗಾಲದ ಬೆಳಗಿನಲ್ಲಿ ಹೊಲವೆಲ್ಲ ನೀಲಿ ಹೂವು. ಬಿಸಿಲೇರುವಷ್ಟರಲ್ಲಿ ಎಸಳು ಉದುರಿಹೋಗುವುದು. ಸಂಸ್ಕೃತದಲ್ಲಿ ಇದಕ್ಕೆ ಅತಸೀ ಎಂದು ಹೆಸರು. ಶ್ರೀಕೃಷ್ಣನ ಮೈಬಣ್ಣವನ್ನು ಅತಸೀ ಹೂವಿಗೆ ಹೋಲಿಸುವ ರೂಢಿ ನಮ್ಮ ಪ್ರಾಚೀನರಲ್ಲಿ ಇತ್ತೆಂಬುದು ಅನೇಕರಿಗೆ ಗೊತ್ತು. ಇದಕ್ಕೆ ಕ್ಷುಮಾ ಎಂಬ ಹೆಸರೂ ಉಂಟು. ಅದರ ನಾರಿನಿಂದ ನೆಯ್ದ ಬಟ್ಟೆಯೇ ಕ್ಷೌಮ. ಈಜಿಪ್ತಿನವರು ತಮ್ಮ ಅರಸರ ಹೆಣಗಳಿಗೆ ಸುತ್ತುತ್ತಿದ್ದ ಬಟ್ಟೆಯೂ ಅಗಸೆಯ ನಾರಿನದೇ. ಲಿನ್ನೇಯಸ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನು ಈ ಗಿಡಕ್ಕೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರಿನ ಅರ್ಥ, ಅತ್ಯಂತ ಉಪಯುಕ್ತವಾದದ್ದು ಎಂದು.

ನಮ್ಮ ದೇಶದಲ್ಲಿ ಅಗಸೆಯನ್ನು ಬೆಳೆದದ್ದು ನಾರಿಗಿಂತ ಹೆಚ್ಚಾಗಿ ಎಣ್ಣೆಗಾಗಿ. ಆ ಎಣ್ಣೆಯಲ್ಲಿ ಒಂದು ವಿಶೇಷವಿದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ಅದು ಬೇಗನೆ ಒಣಗಿ ಗಟ್ಟಿಯಾಗುತ್ತದೆ. ಬಾಗಿಲು ಕಿಟಕಿಗಳ ಬಣ್ಣಕ್ಕೆ, ಚಿತ್ರಕಾರರ ವರ್ಣಗಳಿಗೆ, ನೆಲಕ್ಕೆ ಹಾಸುವ ಲಿನೋಲಿಯಮ್ಮಿಗೆ ಅದು ಬೇಕಾದದ್ದು ಇದೇ ಕಾರಣದಿಂದ. ಹುಡುಗರು ಕ್ರಿಕೆಟ್ ಬ್ಯಾಟಿಗೆ ತಿಕ್ಕುವ ಎಣ್ಣೆಯೂ ಇದೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅಡಿಗೆಮನೆಯಲ್ಲಿ ಇದರ ಕೆಲಸ ಮುಂದೆ ಬೀಳುತ್ತದೆ.

ಎಲ್ಲ ಹೇಳಿ ಮುಗಿಸಿ ತಾಯಿಯವರು ಒಂದು ಮಾತು ಸೇರಿಸಿದರು. “ಬರಗಾಲದಾಗ ರೊಟ್ಟಿ ಮ್ಯಾಲ ಅಗಸಿ ಹಿಂಡಿ ಬಿಟ್ರ ಏನೂ ಇರ್ತಿರಲಿಲ್ಲ. ಪುಣೇಕ್ಕ ಬಂದ ಮ್ಯಾಲ ನಿಮ್ಮಪ್ಪ ಬ್ಯಾಡ ಅಂದ್ರು. ಆಫೀಸಿನವರು ಡಬ್ಬಿ ತಗದ್ರ ಬಡವರ ಊಟ ಕಾಣಸ್ತೈತಿ ಅಂತಿದ್ರು.” ಅಂದರೆ ನಮ್ಮ ಮನೆಯ ತಟ್ಟೆಯಿಂದ ಅಗಸೆಯನ್ನು ಎತ್ತಿಹಾಕಿದ್ದು ನಾಚಿಕೆ. ಅದರ ಜಾಗಕ್ಕೆ ಬಂದದ್ದು ಬ್ರೆಡ್ಡು, ಬಿಸ್ಕೀಟು, ಕಚೇರಿಯ ಕ್ಯಾಂಟೀನಿನ ವಡಾಪಾವು.

ಕಾಳಿನೊಳಗೆ ಏನಿದೆ?

ರಕ್ತದಲ್ಲಿ ಕೊಬ್ಬು ತಾನಾಗಿ ಓಡಾಡಲಾರದು. ನೀರಿನಲ್ಲಿ ಎಣ್ಣೆ ಬೆರೆಯದಷ್ಟೆ. ಆದುದರಿಂದ ಅದನ್ನು ಹೊತ್ತು ತಿರುಗುವ ವಾಹಕಗಳಿವೆ. ಎಲ್‌ಡಿಎಲ್ಲನ್ನು ನಾವು ಕಚೇರಿಯ ಟಪಾಲು ಜವಾನನೆಂದು ತಿಳಿದುಕೊಂಡೆವು. ಅವನು ಯಕೃತ್ತಿನಿಂದ ಹೊರಟ ಕೊಲೆಸ್ಟರಾಲನ್ನು ಶರೀರದ ಮೂಲೆಮೂಲೆಗೆ ಹಂಚುವವನು. ಕಟ್ಟು ಅತಿಯಾದರೆ ದಾರಿಯ ಪಡಸಾಲೆಯಲ್ಲೇ, ಅಂದರೆ ರಕ್ತನಾಳದ ಗೋಡೆಯಲ್ಲೇ, ಇಳಿಸಿಬಿಡುತ್ತಾನೆ. ಎಚ್‌ಡಿಎಲ್ ಎಂಬವನು ಬಿದ್ದದ್ದನ್ನು ಆರಿಸಿ ಯಕೃತ್ತಿಗೆ ಹಿಂದಿರುಗಿಸುವ ದಫ್ತರದವನು. ಟ್ರೈಗ್ಲಿಸರೈಡು ನಾವು ತಿಂದು ಖರ್ಚು ಮಾಡದೆ ಉಳಿದದ್ದರ ಶಿಲ್ಕು. ಪಡಸಾಲೆಯಲ್ಲಿ ಕಡತಗಳು ವರ್ಷಗಟ್ಟಲೆ ಬಿದ್ದು ಒಂದು ದಿನ ದಾರಿಯೇ ಕಟ್ಟಿಹೋದರೆ, ಅದೇ ಹೃದಯಾಘಾತ.

ನೂರು ಗ್ರಾಂ ಅಗಸೆಯಲ್ಲಿ ಸುಮಾರು ೪೨ ಗ್ರಾಂ ಕೊಬ್ಬು, ೨೭ ಗ್ರಾಂ ನಾರು, ೧೮ ಗ್ರಾಂ ಸಸಾರಜನಕ ಇರುತ್ತವೆ. ಕೊಬ್ಬನ್ನು ಇಳಿಸಲು ಕೊಬ್ಬಿನ ಕಾಳೇ ಎಂದು ನಾವೂ ಬೆರಗಾದೆವು. ಆದರೆ ಆ ಕೊಬ್ಬಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲವೆಂಬ, ಒಮೇಗಾ ಮೂರರ ಪಂಗಡಕ್ಕೆ ಸೇರಿದ ಕೊಬ್ಬು. ಮೀನಿನ ಎಣ್ಣೆಯಲ್ಲಿರುವುದೂ ಈ ಪಂಗಡದ್ದೇ, ಆದರೆ ಬೇರೆ ಜಾತಿಯದು. ನಮ್ಮ ಶರೀರ ಅಗಸೆಯ ಕೊಬ್ಬನ್ನು ಮೀನಿನ ಕೊಬ್ಬಾಗಿ ಮಾರ್ಪಡಿಸಿಕೊಳ್ಳುವುದು ತೀರ ಅಲ್ಪ. ಆದುದರಿಂದ ಒಂದು ಇನ್ನೊಂದಕ್ಕೆ ಪೂರ್ತಿ ಬದಲಿಯಾಗದು.

ಕೊಲೆಸ್ಟರಾಲಿನ ಮಟ್ಟಿಗೆ ಮುಖ್ಯ ಕೆಲಸ ನಾರಿನದು. ಅಗಸೆಯನ್ನು ನೀರಿನಲ್ಲಿ ನೆನೆಹಾಕಿದರೆ ಲೋಳೆ ಬಿಡುವುದನ್ನು ನೋಡಿದ್ದೀರಿ. ಆ ಲೋಳೆ ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಮಲದೊಡನೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತವನ್ನು ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲು ಬೇಕು. ಅದನ್ನು ಅದು ರಕ್ತದಿಂದ ಸೆಳೆದುಕೊಳ್ಳುತ್ತದೆ. ಹೀಗೆ ರಕ್ತದ ಶಿಲ್ಕು ಸ್ವಲ್ಪ ಇಳಿಯುತ್ತದೆ. ಇದಲ್ಲದೆ ಲಿಗ್ನಾನ್ ಎಂಬ ಸಸ್ಯದ್ರವ್ಯವೂ ಅಗಸೆಯಲ್ಲಿ ಹೇರಳವಾಗಿದೆ. ಅದೂ ಈ ಕೆಲಸದಲ್ಲಿ ಕೈಜೋಡಿಸುತ್ತದೆಂದು ಕಂಡುಬಂದಿದೆ. ನಾರೂ ಲಿಗ್ನಾನೂ ಇರುವುದು ಕಾಳಿನಲ್ಲಿ, ಸೋಸಿದ ಎಣ್ಣೆಯಲ್ಲಲ್ಲ. ನಮ್ಮ ದುಬಾರಿ ಡಬ್ಬಿಯಲ್ಲಿದ್ದದ್ದು ಬರಿಯ ಎಣ್ಣೆ!

ತಾಯಿಯವರ ಹಿಂಡಿ

ಮರುದಿನವೇ ಕಾಕಾ ಅವರ ಅಂಗಡಿಯಿಂದ ಅರ್ಧ ಕಿಲೋ ಜವಸ ಬಂತು. ತಾಯಿಯವರು ಮಾಡುವ ಕ್ರಮ ಹೀಗಿದೆ. ಒಂದು ಬಟ್ಟಲು ಅಗಸೆಯನ್ನು ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಚಟಪಟ ಸಿಡಿದು ಘಮ್ಮೆನ್ನುವವರೆಗೆ ಹುರಿಯಬೇಕು. ಹೊತ್ತಬಾರದು, ಹೊತ್ತರೆ ಕಹಿ. ಬೇರೆಯಾಗಿ ನಾಲ್ಕೈದು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಎಲ್ಲ ಆರಿದ ಮೇಲೆ ಏಳೆಂಟು ಎಸಳು ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ಕುಟ್ಟಬೇಕು. ಮಿಕ್ಸಿಯಲ್ಲಿ ಹಾಕುವವರು ತಡೆತಡೆದು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜೋಳದ ರೊಟ್ಟಿ, ಗಟ್ಟಿ ಮೊಸರು, ಬದಿಗೆ ಈ ಹಿಂಡಿ. ಬೇಕಿದ್ದರೆ ಹಸಿ ಸೌತೆಕಾಯಿ. ಮೈಸೂರಿನ ನಮ್ಮ ಶ್ರೀಮತಿಯವರು ಇದನ್ನು ಬಿಸಿ ಅನ್ನಕ್ಕೂ ಕಲಸಿ ನೋಡಿ ತಲೆದೂಗಿದರು.

ಒಂದು ಕಷ್ಟವಿತ್ತು. ದಿನಕ್ಕೆ ಎರಡು ದೊಡ್ಡ ಚಮಚ ಅಗಸೆಯ ಪುಡಿ, ಅಂದರೆ ಸುಮಾರು ೧೪ ಗ್ರಾಂ, ಹೊಟ್ಟೆಗೆ ಹೋಗಬೇಕೆಂದು ನಮ್ಮ ಲೆಕ್ಕ. ಅಷ್ಟನ್ನೂ ಹಿಂಡಿಯಾಗಿ ತಿಂದರೆ ಉಪ್ಪು ಖಾರ ಅತಿಯಾಗಿ, ಕೊಲೆಸ್ಟರಾಲು ಇಳಿಸಲು ಹೋಗಿ ರಕ್ತದೊತ್ತಡ ಏರಿಸಿಕೊಂಡಂತೆ. ಅದಕ್ಕೆ ಒಂದು ಚಮಚ ಹಿಂಡಿಗೆ, ಇನ್ನೊಂದು ಚಮಚ ಬರಿಯ ಪುಡಿ ರೊಟ್ಟಿಯ ಹಿಟ್ಟಿಗೆ ಅಥವಾ ಮಜ್ಜಿಗೆಗೆ ಎಂದು ಅತ್ತೆ ಸೊಸೆಯರು ಸೇರಿ ವಿಲೇವಾರಿ ಮಾಡಿದರು.

ಇಲ್ಲಿ ನಾಲ್ಕು ಎಚ್ಚರಿಕೆಗಳನ್ನು ಹೇಳಬೇಕು. ಒಂದು, ಕಾಳನ್ನು ಇಡಿಯಾಗಿ ನುಂಗಿದರೆ ಅದರ ಗಟ್ಟಿ ಸಿಪ್ಪೆ ಜೀರ್ಣವಾಗದೆ ಹೋದ ಹಾಗೆಯೇ ಹೊರಬರುವ ಸಂಭವ ಹೆಚ್ಚು. ಪುಡಿ ಮಾಡಿಯೇ ತಿನ್ನಬೇಕು. ಎರಡು, ಬ್ಯಾಟಿನ ಎಣ್ಣೆಯ ಮಾತು ನೆನಪಿದೆಯಷ್ಟೆ? ಗಾಳಿಯನ್ನು ಹೀರುವ ಆ ಗುಣವೇ ಪುಡಿಯನ್ನು ಬೇಗ ಕಮಟು ಮಾಡುತ್ತದೆ. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತಂಪಿನಲ್ಲಿ ಇಡಬೇಕು. ಹಳೆಯ ಬಣ್ಣದ ವಾಸನೆ ಬಂದರೆ ಚೆಲ್ಲಿಬಿಡಬೇಕು. ಮೂರು, ಇದರ ನಾರು ನೀರನ್ನು ಹೀರಿ ಉಬ್ಬುತ್ತದೆ. ಅರ್ಧ ಚಮಚದಿಂದ ಮೊದಲು ಮಾಡಿ, ದಿನವೆಲ್ಲ ಸಾಕಷ್ಟು ನೀರು ಕುಡಿಯಬೇಕು. ಇಲ್ಲವಾದರೆ ಹೊಟ್ಟೆ ಕಟ್ಟಿಕೊಳ್ಳುವುದು. ಕರುಳು ಕಿರಿದಾದ ತೊಂದರೆ ಇರುವವರು ಇದರ ಗೊಡವೆಗೆ ಹೋಗಬಾರದು. ನಾಲ್ಕು, ಲೋಳೆಯು ಗುಳಿಗೆಗಳನ್ನೂ ಹಿಡಿದುಕೊಂಡೀತು. ಔಷಧಕ್ಕೂ ಇದಕ್ಕೂ ಒಂದೆರಡು ತಾಸಿನ ಅಂತರವಿರಲಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರೂ ಗರ್ಭಿಣಿಯರೂ ಡಾಕ್ಟರನ್ನು ಕೇಳದೆ ದಿನವೂ ಸೇವಿಸಬಾರದು. ಹಸಿ ಕಾಳಿನಲ್ಲಿ ಅತ್ಯಲ್ಪ ವಿಷಾಂಶ ಹುಟ್ಟಿಸುವ ದ್ರವ್ಯವೂ ಇದೆ; ಹುರಿದರೆ ಅದು ಕಡಿಮೆಯಾಗುತ್ತದೆ, ಒಂದೆರಡು ಚಮಚಕ್ಕೆ ಅಂಜಬೇಕಾದುದಿಲ್ಲ. ಹಿರಿಯರು ಹುರಿದೇ ಕುಟ್ಟುತ್ತಿದ್ದರೆಂಬುದನ್ನು ಗಮನಿಸಿರಿ.

ನಮ್ಮ ನಾಲಗೆಯ ತಪ್ಪು

ಸಂಕ್ರಾಂತಿ ಕಳೆದ ಮೇಲೆ ವಾಯಿದೆ ಮುಗಿಯಿತು. ಹೊಸ ವರದಿಯಲ್ಲಿ ಒಟ್ಟು ೨೧೯, ಎಲ್‌ಡಿಎಲ್ ೧೩೪, ಎಚ್‌ಡಿಎಲ್ ೪೫, ಟ್ರೈಗ್ಲಿಸರೈಡು ೨೦೦. ಎಲ್‌ಡಿಎಲ್ ಹದಿನೆಂಟು ಇಳಿದಿತ್ತು. ನಮ್ಮ ಸಂತೋಷಕ್ಕೆ ಪಾರವೇ ಇರಲಿಲ್ಲ. ಅಂದು ಸಂಜೆಯೇ ಪರಿಚಯದವರಿಗೆಲ್ಲ ಫೋನು ಮಾಡಿ ಅಗಸೆಯ ಮಹಿಮೆಯನ್ನು ಸಾರಿದೆವು. ಸೊಲ್ಲಾಪುರದಲ್ಲಿರುವ ನಮ್ಮ ಸೋದರಮಾವನವರಿಗೂ ಹೇಳಿದೆವು. ಅವರಿಗೆ ಎರಡು ವರ್ಷದ ಹಿಂದೆ ಹೃದಯದ ನಾಳಕ್ಕೆ ಸ್ಟೆಂಟು ಹಾಕಿದ್ದರು. “ಮಾಮಾ, ಗುಳಿಗೆ ಗಿಳಿಗೆ ಏನೂ ಇಲ್ಲ. ಬರೇ ಅಗಸಿ ಹಿಂಡಿ,” ಎಂದು ನಾವು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. “ಹೌದೇನೋ ಅಳಿಯಾ?” ಎಂದು ಅವರು ಸಂತೋಷಪಟ್ಟರು.

ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಸೊಲ್ಲಾಪುರದಿಂದ ಫೋನು ಬಂತು. ಮಾವನವರನ್ನು ಎದೆನೋವಿನಿಂದ ಆಸ್ಪತ್ರೆಗೆ ಸೇರಿಸಿದ್ದರು. ಇನ್ನೊಂದು ನಾಳ ಕಟ್ಟಿತ್ತು. ತಾಯಿಯವರನ್ನು ಕರೆದುಕೊಂಡು ಬೆಳಗಿನ ಗಾಡಿಗೆ ಹೊರಟೆವು. ಅಲ್ಲಿ ತಿಳಿದ ಸಂಗತಿಯಿಂದ ನಮ್ಮ ಕಾಲೇ ಕುಸಿಯಿತು. ಮಾವನವರು ನಮ್ಮ ಮಾತು ಕೇಳಿದ ವಾರದಲ್ಲೇ ಕೊಲೆಸ್ಟರಾಲಿನ ಗುಳಿಗೆಯನ್ನು ನಿಲ್ಲಿಸಿಬಿಟ್ಟಿದ್ದರು. ಗುಳಿಗೆ ರಾಸಾಯನಿಕ, ಅಗಸೆ ನಿಸರ್ಗದ್ದು ಎಂಬುದು ಅವರ ವಾದ. ಮನೆಯವರಿಗೂ ಹೇಳಿರಲಿಲ್ಲ.

ಅಲ್ಲಿಯ ಡಾಕ್ಟರು, “ಗುಳಿಗೆ ಬಿಟ್ಟದ್ದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಅದನ್ನು ಬಿಡಬಾರದಿತ್ತು,” ಎಂದರು. ದೇವರು ದೊಡ್ಡವನು, ಮಾವನವರು ಉಳಿದರು. ನಾವು ಅವರ ಹಾಸಿಗೆಯ ಬಳಿ ತಲೆತಗ್ಗಿಸಿ ನಿಂತಾಗ ಅವರೇ ಕೈಹಿಡಿದು, “ನೀ ಬಿಡು ಅಂತ ಹೇಳಿರಲಿಲ್ಲ ಬಿಡೋ,” ಎಂದರು. ನಿಜ, ಬಿಡಿರೆಂದು ಹೇಳಿರಲಿಲ್ಲ. ಬಿಡಬೇಡಿರೆಂದೂ ಹೇಳಿರಲಿಲ್ಲ.

ಪುಣೆಗೆ ಮರಳಿದ ಮೇಲೆ ಎಂಟು ದಿನ ನಮ್ಮ ಮನೆಯಲ್ಲಿ ಹಿಂಡಿ ಕುಟ್ಟಲಿಲ್ಲ. ಒಂಬತ್ತನೆಯ ದಿನ ತಾಯಿಯವರೇ ಬಾಣಲೆ ಇಟ್ಟು, “ಅಗಸಿದೇನು ತಪ್ಪು, ತಮ್ಮಾ? ತಪ್ಪು ನಾಲಗಿದು,” ಎಂದರು. ಅಣ್ಣನನ್ನು ಕಳೆದುಕೊಳ್ಳುವುದರಲ್ಲಿದ್ದ ತಾಯಿಯವರ ಬಾಯಲ್ಲಿ ಆ ಮಾತು ಕೇಳಿ ನಮಗೆ ಉತ್ತರ ಹೊಳೆಯಲಿಲ್ಲ.

ತೂಗಿ ನೋಡಿದಾಗ

ಕಡತವನ್ನು ಪೂರ್ತಿ ಓದದೆ ಟಿಪ್ಪಣಿ ಬರೆಯುವ ಗುಮಾಸ್ತನಿಗೆ ಮೆಮೊ ಸಿಗುತ್ತದೆ. ನಮಗೆ ಸಿಕ್ಕ ಮೆಮೊ ಇದು. ಅನಂತರ ನಾವು ನಮ್ಮ ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಅಗಸೆಯ ಮೇಲೆ ನಡೆದ ೨೮ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ೨೦೦೯ರಲ್ಲಿ ಅಮೆರಿಕದ ಒಂದು ಪೋಷಣಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಗಸೆಯ ಕಾಳನ್ನು ತಿಂದವರಲ್ಲಿ ಸರಾಸರಿಯಲ್ಲಿ ಒಟ್ಟು ಕೊಲೆಸ್ಟರಾಲು ಸುಮಾರು ೮, ಎಲ್‌ಡಿಎಲ್ ಸುಮಾರು ೬ ಮಿಲಿಗ್ರಾಂ ಮಾತ್ರ ಇಳಿದಿತ್ತು. ಮೊದಲೇ ಕೊಲೆಸ್ಟರಾಲು ಹೆಚ್ಚಾಗಿದ್ದವರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಪರಿಣಾಮ ಹೆಚ್ಚು ಸ್ಪಷ್ಟವಾಗಿತ್ತು. ಬರಿಯ ಎಣ್ಣೆ ಸೇವಿಸಿದವರಲ್ಲಿ ಇಳಿತ ಕಾಣಲಿಲ್ಲ. ಎಚ್‌ಡಿಎಲ್, ಟ್ರೈಗ್ಲಿಸರೈಡುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಹಾಗಾದರೆ ನಮ್ಮ ಹದಿನೆಂಟು? ಡಾಕ್ಟರು ನಕ್ಕು ಲೆಕ್ಕ ಬಿಡಿಸಿದರು. ಆ ಮೂರು ತಿಂಗಳಲ್ಲಿ ನಾವು ವಡಾಪಾವು ಬಿಟ್ಟಿದ್ದೆವು, ದಿನವೂ ನಲವತ್ತು ನಿಮಿಷ ನಡೆದಿದ್ದೆವು, ನಾಲ್ಕು ಕಿಲೋ ತೂಕ ಇಳಿಸಿದ್ದೆವು. ಕೀರ್ತಿಯನ್ನೆಲ್ಲ ಅಗಸೆಗೆ ಕಟ್ಟಿ ಉಳಿದವರನ್ನು ಮರೆತಿದ್ದೆವು. ಟ್ರೈಗ್ಲಿಸರೈಡು ಹೆಚ್ಚು ಇಳಿಯದಿದ್ದುದಕ್ಕೆ ಕಾರಣವನ್ನೂ ಅವರೇ ಹೇಳಿದರು: ಕಚೇರಿಯಲ್ಲಿ ನಾವು ಕುಡಿಯುವ ಐದು ಲೋಟ ಸಿಹಿ ಚಹ.

ಗುಳಿಗೆಯ ತೂಕವೇನು? ಸ್ಟಾಟಿನ್ ಎಂಬ ಗುಳಿಗೆಗಳು ಪ್ರಮಾಣಕ್ಕೆ ತಕ್ಕಂತೆ ಎಲ್‌ಡಿಎಲ್ಲನ್ನು ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಇಳಿಸಬಲ್ಲವು. ಒಂದು ಕಡೆ ಆರು ಮಿಲಿಗ್ರಾಂ, ಇನ್ನೊಂದು ಕಡೆ ಅರ್ಧಕ್ಕರ್ಧ. ಮಾವನವರು ತಕ್ಕಡಿಯಲ್ಲಿ ಇವೆರಡನ್ನು ಸಮವೆಂದು ಇಟ್ಟರು. ಇನ್ನು ನಿಸರ್ಗದ ವಾದ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ೧೯೭೦ರ ದಶಕದಲ್ಲಿ ಇಂಥ ಮೊದಲ ದ್ರವ್ಯವನ್ನು ಕಂಡುಹಿಡಿದದ್ದು ಒಂದು ಬೂಷ್ಟಿನಲ್ಲಿ. ಬೂಷ್ಟೂ ನಿಸರ್ಗದ್ದೇ ಅಲ್ಲವೇ? ಎಲ್ಲಿಂದ ಬಂತೆಂಬುದಕ್ಕಿಂತ, ಎಷ್ಟು ಕೆಲಸ ಮಾಡುತ್ತದೆ, ಯಾರಿಗೆ ಬೇಕು ಎಂಬುದೇ ಮುಖ್ಯ.

ಹಾಗೆಂದು ಅಗಸೆಯನ್ನು ಕಡೆಗಣಿಸಬೇಕಾಗಿಲ್ಲ. ಕಾಲಿನ ರಕ್ತನಾಳ ಕಿರಿದಾದ ೧೧೦ ಮಂದಿಯ ಮೇಲೆ ಕೆನಡಾದಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕೆಲವರಿಗೆ ದಿನಕ್ಕೆ ೩೦ ಗ್ರಾಂ ಅಗಸೆಯ ಪುಡಿಯನ್ನು ತಿಂಡಿಯಲ್ಲಿ ಬೆರೆಸಿ, ಉಳಿದವರಿಗೆ ಅಗಸೆಯಿಲ್ಲದ ಅಂಥದೇ ತಿಂಡಿಯನ್ನು ಕೊಟ್ಟರು. ಆರು ತಿಂಗಳ ಮೇಲೆ ಅಗಸೆ ತಿಂದವರ ರಕ್ತದೊತ್ತಡ, ಉಳಿದವರದಕ್ಕಿಂತ ಮೇಲಿನ ಅಂಕಿಯಲ್ಲಿ ಸುಮಾರು ೧೦, ಕೆಳಗಿನದರಲ್ಲಿ ಸುಮಾರು ೭ ಕಡಿಮೆಯಿತ್ತು. ಅದೇ ಪ್ರಯೋಗದಲ್ಲಿ, ಕೊಲೆಸ್ಟರಾಲಿನ ಗುಳಿಗೆಯನ್ನು ನುಂಗುತ್ತಲೇ ಅಗಸೆ ತಿಂದವರಲ್ಲಿ ಒಂದು ವರ್ಷದ ಕೊನೆಗೆ ಎಲ್‌ಡಿಎಲ್ ಇನ್ನೂ ಶೇಕಡ ೮.೫ರಷ್ಟು ಇಳಿದಿತ್ತೆಂದು ೨೦೧೫ರಲ್ಲಿ ವರದಿಯಾಯಿತು. ನಮ್ಮ ಮನೆಯ ಎರಡು ಚಮಚ ಆ ಪ್ರಮಾಣದ ಅರ್ಧ ಮಾತ್ರ ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಆದರೂ ಇದರಿಂದ ತಿಳಿಯುವುದೇನು? ಅಗಸೆಯೂ ಗುಳಿಗೆಯೂ ಸವತಿಯರಲ್ಲ. ಬೇಕಾದವರ ಮನೆಯಲ್ಲಿ ಎರಡೂ ಒಟ್ಟಿಗೆ ಬಾಳಬಲ್ಲವು.

ಮಾವನವರು ಈಗ ಗುಳಿಗೆಯನ್ನು ರಾತ್ರಿ ತಪ್ಪದೆ ನುಂಗುತ್ತಾರೆ. ಡಾಕ್ಟರ ಒಪ್ಪಿಗೆ ಪಡೆದು ಮಧ್ಯಾಹ್ನದ ರೊಟ್ಟಿಗೆ ಹಿಂಡಿಯನ್ನೂ ಹಚ್ಚಿಕೊಳ್ಳುತ್ತಾರೆ. ನಾವು ಐದು ಲೋಟ ಚಹವನ್ನು ಎರಡಕ್ಕೆ ಇಳಿಸಿ ಸಕ್ಕರೆ ಬಿಟ್ಟಿದ್ದೇವೆ. ದೀಪಾವಳಿಯ ಹೊತ್ತಿಗೆ ಮತ್ತೊಂದು ತಪಾಸಣೆಯಿದೆ. ತಂದೆಯವರ ಇತಿಹಾಸ ನೋಡಿ ಡಾಕ್ಟರು ಗುಳಿಗೆ ಬೇಕೆಂದರೆ ಮರುಮಾತಿಲ್ಲದೆ ನುಂಗುತ್ತೇವೆ. ಹಿಂಡಿಯನ್ನೂ ಬಿಡುವುದಿಲ್ಲ.

ಕಚೇರಿಯಲ್ಲಿ ಈಗ ನಮ್ಮ ಡಬ್ಬಿ ತೆರೆಯಲು ನಾಚಿಕೆಯಿಲ್ಲ. ಕ್ಯಾಪ್ಸೂಲಿನ ಹೆಸರು ಬರೆದುಕೊಟ್ಟ ಕೊನೆಯ ಮೇಜಿನವರು ಮೊನ್ನೆ ರೊಟ್ಟಿಯ ತುಂಡಿಗೆ ನಮ್ಮ ಹಿಂಡಿ ಹಚ್ಚಿಕೊಂಡು, “ಇದನ್ನು ತಿಂದರೆ ಗುಳಿಗೆ ಬೇಡವೇ?” ಎಂದು ಕೇಳಿದರು. ಈ ಸಲ ನಾಲಗೆಯನ್ನು ಬಿಗಿಹಿಡಿದು ಉತ್ತರ ಕೊಟ್ಟೆವು. ವಾಚಕರಲ್ಲಿಯೂ ನಮ್ಮ ಅರಿಕೆ ಅದೇ: ಅಗಸೆ ತಟ್ಟೆಯ ಬದಿಗೆ ಇರಲಿ, ಗುಳಿಗೆಯ ಬದಲಿಗೆ ಬೇಡ.